85 ದಿನ: ಬುಕ್ ಮಾಡಿದ ಕಾರು ಕ್ಯಾತ್ಸಂದ್ರಕ್ಕೆ ಬಂದ ದಾರಿ

ತುಮಕೂರಿಗೆ ಅಂಟಿಕೊಂಡ ಕ್ಯಾತ್ಸಂದ್ರದಲ್ಲಿರುವ ಭಾವನವರ ಎಡ ಮೊಣಕಾಲಿಗೆ ಆಪರೇಷನ್ ಆಗಿ ಒಂದು ವರ್ಷವಾಗಿತ್ತು. ನಡೆದಾಡಲು ತೊಂದರೆ ಇರಲಿಲ್ಲ. ಆದರೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಂಜೆ ಹೊತ್ತು ಹಳೇ ಕಾರು ಓಡಿಸಿ ಬಂದರೆ, ಕ್ಲಚ್ ತುಳಿದು ತುಳಿದು ರಾತ್ರಿಗೆ ಕಾಲು ಊದುತ್ತಿತ್ತು. ಡ್ರೈವರ್ ಇಟ್ಟುಕೊಳ್ಳುವ ಮನುಷ್ಯ ಅವರಲ್ಲ. ಹಾಗಾಗಿ ಆಟೊಮ್ಯಾಟಿಕ್ ಗೇರಿನ ಸಣ್ಣ ಪೆಟ್ರೋಲ್ ಕಾರು ತಗೊಳ್ಳೋಣ ಅಂತ ಅಕ್ಕ, ಭಾವ ಇಬ್ಬರೂ ತೀರ್ಮಾನ ಮಾಡಿದರು.

2025ರ ಆಷಾಢ ಕಳೆಯಲಿ ಅಂತ ಕಾದು, ಜುಲೈ 25ರಂದು, ಶ್ರಾವಣದ ಮೊದಲ ಶುಕ್ರವಾರ, ತುಮಕೂರಿನ ಒಂದು ಶೋರೂಮಿನಲ್ಲಿ 11,000 ರೂಪಾಯಿ ಕೊಟ್ಟು ಬುಕ್ ಮಾಡಿದರು. ಅವರಿಗೆ ಬೇಕಿದ್ದ ಮಾಡೆಲ್ಲಿನಲ್ಲಿ ಆಟೊಮ್ಯಾಟಿಕ್, ಅದರಲ್ಲೂ ಬೂದು ಬಣ್ಣ, ಎಲ್ಲೂ ಸ್ಟಾಕ್ ಇರಲಿಲ್ಲ. "ಫ್ಯಾಕ್ಟರಿಗೇ ಆರ್ಡರ್ ಹಾಕ್ತೀವಿ ಸಾರ್, ಆರರಿಂದ ಎಂಟು ವಾರ" ಅಂದರು. ಕಾರು ಮನೆಗೆ ಬಂದದ್ದು ಅಕ್ಟೋಬರ್ 18ಕ್ಕೆ. ಲೆಕ್ಕ ಹಾಕಿದರೆ 85 ದಿನ, ಅಂದರೆ ಹನ್ನೆರಡು ವಾರದ ಮೇಲೆ ಒಂದು ದಿನ.

ಈ 85 ದಿನ ಎಲ್ಲಿ ಹೋದವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವನು. ಕೊಬ್ಬರಿ ಲೋಡು ಹೊರಟರೆ ಬಿಲ್ಲು ಯಾವುದು, ಲಾರಿ ಯಾವುದು, ಎಲ್ಲಿ ಇಳಿಯಿತು ಅಂತ ದಿನವೂ ನೋಡುವ ಕೆಲಸ. ಕಾರಿಗೂ ಹಾಗೇ ಒಂದು ನೋಟ್‌ಬುಕ್ ಇಟ್ಟೆ. ಆದರೆ ಇಟ್ಟದ್ದು ತಡವಾಗಿ, ಮೊದಲ ನಾಲ್ಕು ವಾರ ಕಳೆದ ಮೇಲೆ. ಆ ನಾಲ್ಕು ವಾರಗಳಲ್ಲೇ ದೊಡ್ಡ ನಷ್ಟ ಆಗಿಹೋಗಿತ್ತು. ಕಂಪನಿ, ಶೋರೂಮು ಯಾವುದು ಅಂತ ಹೇಳುವುದಿಲ್ಲ. ಹೆಸರು ಬದಲಾದರೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಒಂದು ವಿಷಯ ತಿಳಿದಿರಲಿ. ನಮ್ಮಲ್ಲಿ ಸಾಮಾನ್ಯ ಕಾರುಗಳಿಗೆ ಫ್ಯಾಕ್ಟರಿ ಆರ್ಡರ್ ಅಂದರೆ, ನಿಮ್ಮ ಹೆಸರು ಬರೆದ ಕಾರು ಲೈನಿನಲ್ಲಿ ಬೇರೆಯಾಗಿ ತಯಾರಾಗುತ್ತದೆ ಅಂತ ಅಲ್ಲ. ಶೋರೂಮಿನವರು ಕಂಪನಿಯ ಕಂಪ್ಯೂಟರಿನಲ್ಲಿ ನಿಮ್ಮ ಆರ್ಡರ್ ದಾಖಲು ಮಾಡುತ್ತಾರೆ. ಯಾವ ಮಾಡೆಲ್ಲು, ಯಾವ ಗೇರು, ಯಾವ ಬಣ್ಣಕ್ಕೆ ಎಷ್ಟು ಆರ್ಡರ್ ಇದೆ ಅಂತ ನೋಡಿಕೊಂಡು ಕಂಪನಿ ತಿಂಗಳ ಲೆಕ್ಕದಲ್ಲಿ ಕಾರು ತಯಾರಿಸುತ್ತದೆ. ತಯಾರಾದ ಮೇಲೆ ಸರದಿ ನೋಡಿ ಒಂದು ಚಾಸಿ ನಂಬರನ್ನು, ಅಂದರೆ ಒಂದೊಂದು ಕಾರಿಗೂ ಬೇರೆ ಬೇರೆ ಇರುವ ಗುರುತಿನ ನಂಬರನ್ನು, ನಿಮ್ಮ ಆರ್ಡರಿಗೆ ಅಂಟಿಸುತ್ತಾರೆ. ಇದಕ್ಕೇ ಅಲಾಟ್‌ಮೆಂಟ್ ಅನ್ನುವುದು. ಅಲ್ಲಿಯವರೆಗೆ "ನಿಮ್ಮ ಕಾರು" ಅನ್ನುವುದು ಎಲ್ಲೂ ಇರುವುದಿಲ್ಲ. ಇರುವುದು ಸರದಿಯಲ್ಲಿ ಒಂದು ಜಾಗ ಮಾತ್ರ.

ಹಬ್ಬಕ್ಕೆ ಮುಂಚೆ ಬಂದ ಬಿಳಿ ಕಾರು

ವರಮಹಾಲಕ್ಷ್ಮಿ ಹಬ್ಬದ ದಿನ, ಆಗಸ್ಟ್ 8ಕ್ಕೆ, ಅಕ್ಕ ಸೇಲ್ಸ್ ಹುಡುಗನಿಗೆ ಫೋನ್ ಮಾಡಿ ಕೇಳಿದರು. "ಪ್ರೊಸೆಸ್‌ನಲ್ಲಿದೆ ಮೇಡಂ" ಅಂದ. ಆಮೇಲೆ ಎರಡು ಸಲ ಕೇಳಿದಾಗಲೂ ಅದೇ ಮಾತು. ಅಕ್ಕ ಸುಮ್ಮನಾದರು.

ಆಗಸ್ಟ್ 20ಕ್ಕೆ ಅವನೇ ಫೋನ್ ಮಾಡಿದ. "ಸಾರ್, ಗಾಡಿ ಬಂದಿದೆ. ಬೂದು ಬಣ್ಣ ಅಲ್ಲ, ಬಿಳಿ. ಆದರೆ ಆಟೊಮ್ಯಾಟಿಕ್ಕೇ. ಪೂರ್ತಿ ದುಡ್ಡು ಕಟ್ಟಿದರೆ ಗೌರಿ ಹಬ್ಬಕ್ಕೆ ಡೆಲಿವರಿ." ಗೌರಿ ಹಬ್ಬಕ್ಕೆ ಆರೇ ದಿನ ಇತ್ತು. ಭಾವನವರಿಗೆ ಮನಸ್ಸಾಯಿತು. ಬಣ್ಣ ಯಾವುದಾದರೇನು, ಕಾಲಿಗೆ ಆರಾಮ ಸಿಕ್ಕರೆ ಸಾಕು ಅಂತ ಅವರ ಲೆಕ್ಕ. ಬೂದು ಬಣ್ಣವೇ ಬೇಕು ಅಂತ ಅಕ್ಕನ ಹಟ. ಅಷ್ಟು ಹೊತ್ತಿಗೆ ನನ್ನನ್ನು ಕರೆದರು.

ನಾನು ಸೇಲ್ಸ್ ಹುಡುಗನನ್ನು ಕೇಳಿದ್ದು ಒಂದೇ. "ಚಾಸಿ ನಂಬರ್ ಕಳಿಸಪ್ಪ." ಮೊದಲು "ಅದು ಯಾಕೆ ಸಾರ್, ಬಿಲ್ಲಿನಲ್ಲಿ ಬರುತ್ತಲ್ಲ" ಅಂದ. ಇನ್ನೊಮ್ಮೆ ಕೇಳಿದ ಮೇಲೆ ಕಳಿಸಿದ.

ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿಗಳು ಇರುತ್ತವೆ. ಒಂದು, ಸೊನ್ನೆ ಅಂತ ತಪ್ಪು ಓದಬಾರದು ಎಂದು ಐ, ಒ, ಕ್ಯೂ ಈ ಮೂರು ಇಂಗ್ಲಿಷ್ ಅಕ್ಷರ ಅದರಲ್ಲಿ ಬಳಸುವುದಿಲ್ಲ. ಮೊದಲ ಮೂರು ಅಕ್ಷರ ಯಾವ ದೇಶ, ಯಾವ ಕಂಪನಿ ಅನ್ನುವುದನ್ನು ಹೇಳುತ್ತವೆ. ನಮ್ಮ ದೇಶದಲ್ಲಿ ತಯಾರಾದ ಕಾರುಗಳದ್ದು 'ಎಂ' ಇಂದ ಶುರು. ಬಹಳಷ್ಟು ಕಂಪನಿಗಳಲ್ಲಿ ಹತ್ತನೆಯ ಅಕ್ಷರ ತಯಾರಾದ ವರ್ಷ. 'ಪಿ' ಇದ್ದರೆ 2023, 'ಆರ್' ಇದ್ದರೆ 2024, 'ಎಸ್' ಇದ್ದರೆ 2025. ತಿಂಗಳಿಗೂ ಒಂದು ಗುರುತು ಇರುತ್ತದೆ, ಆದರೆ ಅದು ಕೂರುವ ಜಾಗ ಒಂದೊಂದು ಕಂಪನಿಯಲ್ಲಿ ಒಂದೊಂದು ಕಡೆ. ಆ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಕೆಲಸ ಮಾಡುವ ಪರಿಚಯದವರಿಗೆ ತೋರಿಸಿದೆ. ನೋಡಿದ ತಕ್ಷಣ ಹೇಳಿದರು. "ಇದು ಫೆಬ್ರವರಿ ಗಾಡಿ."

ಭಾವ ಬುಕ್ ಮಾಡಿದ್ದು ಜುಲೈನಲ್ಲಿ. ಈ ಕಾರು ತಯಾರಾದದ್ದು ಫೆಬ್ರವರಿಯಲ್ಲಿ. ಅಂದಮೇಲೆ ಇದು ನಮ್ಮ ಆರ್ಡರಿಗೆ ಬಂದ ಕಾರೇ ಅಲ್ಲ. ಬೇರೆ ಯಾರೋ ಕ್ಯಾನ್ಸಲ್ ಮಾಡಿದ್ದು, ಯಾರ್ಡಿನಲ್ಲಿ ಆರು ತಿಂಗಳು ನಿಂತದ್ದು.

ಆರು ತಿಂಗಳು ನಿಂತ ಕಾರು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬ್ಯಾಟರಿ ಚೆನ್ನಾಗಿದ್ದರೆ, ಟೈರಿಗೆ ಏನೂ ಆಗದಿದ್ದರೆ, ನಿಂತಿದ್ದಕ್ಕೆ ಸರಿಯಾದ ರಿಯಾಯಿತಿ ಕೊಟ್ಟರೆ ತಗೊಳ್ಳಬಹುದು. ಎಷ್ಟೋ ಜನ ಖುಷಿಯಾಗಿ ತಗೊಳ್ಳುತ್ತಾರೆ. ಆದರೆ ಅದನ್ನು ಹೇಳಿ ಮಾರಬೇಕು, ಅಲ್ವಾ? "ನಿಮ್ಮ ಗಾಡಿ ಬಂದಿದೆ" ಅನ್ನುವುದು ಬೇರೆ ಮಾತು. ಹಬ್ಬದ ಆಸೆಯಲ್ಲಿ ಇರುವ ಮನೆಯವರಿಗೆ ಹಾಗೆ ಹೇಳಿದ್ದು ನನಗೆ ಬೇಜಾರಾಯಿತು. ಬಿಳಿ ಕಾರು ಬೇಡ ಅಂದೆವು.

ರಸೀದಿ ಇತ್ತು, ಆರ್ಡರ್ ಇರಲಿಲ್ಲ

ಹಾಗಾದರೆ ನಮ್ಮ ಆರ್ಡರ್ ಎಲ್ಲಿ? ಮಾರನೇ ದಿನ ಭಾವನ ಜೊತೆ ನಾನೇ ಶೋರೂಮಿಗೆ ಹೋದೆ. ಸೇಲ್ಸ್ ಹುಡುಗನನ್ನು ಬಿಟ್ಟು ಮ್ಯಾನೇಜರ್ ಹತ್ತಿರ ಕೂತೆವು. "ನಮ್ಮ ಹತ್ತಿರ ಇರೋದು ನಿಮ್ಮ ರಸೀದಿ ನಂಬರ್. ಕಂಪನಿ ಕಂಪ್ಯೂಟರಿನಲ್ಲಿ ಇರೋ ಆರ್ಡರ್ ನಂಬರ್ ಕೊಡಿ" ಅಂದೆ. ಅವರು ಕಂಪ್ಯೂಟರ್ ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಂದು ಪ್ರಿಂಟ್ ತೆಗೆದು ಮುಂದಿಟ್ಟರು.

ಆರ್ಡರ್ ದಾಖಲಾದ ತಾರೀಖು ಆಗಸ್ಟ್ 11.

ಜುಲೈ 25ಕ್ಕೆ ದುಡ್ಡು ಕಟ್ಟಿದ್ದೇವೆ. ರಸೀದಿ ಕೈಯಲ್ಲಿದೆ. ಆದರೆ ಕಂಪನಿಯ ಸರದಿಯಲ್ಲಿ ನಮ್ಮ ಹೆಸರು ಬಿದ್ದದ್ದು 17 ದಿನ ಬಿಟ್ಟು. ಅಷ್ಟು ದಿನದಲ್ಲಿ ನಮ್ಮ ಹಿಂದೆ ಬುಕ್ ಮಾಡಿದವರು ಎಷ್ಟು ಜನ ಮುಂದೆ ಹೋದರೋ. ಅಕ್ಕ ವರಮಹಾಲಕ್ಷ್ಮಿ ದಿನ ಫೋನ್ ಮಾಡಿ ಕೇಳಿದಾಗ "ಪ್ರೊಸೆಸ್‌ನಲ್ಲಿದೆ" ಅಂದಿದ್ದರಲ್ಲ, ಅವತ್ತು ಕಂಪನಿಯಲ್ಲಿ ಆರ್ಡರೇ ಇರಲಿಲ್ಲ.

ಆ ಹಾಳೆಯಲ್ಲಿ ಇನ್ನೂ ಒಂದು ತಪ್ಪಿತ್ತು. ಗ್ರಾಹಕರ ಮೊಬೈಲ್ ನಂಬರ್ ಅಂತ ಇದ್ದ ಜಾಗದಲ್ಲಿ ಭಾವನದ್ದಲ್ಲ, ಸೇಲ್ಸ್ ಹುಡುಗನ ನಂಬರ್. ಆರ್ಡರ್ ದಾಖಲಾದಾಗ, ಕಾರು ಅಲಾಟ್ ಆದಾಗ ಕಂಪನಿಯಿಂದ ಗ್ರಾಹಕರಿಗೆ ಮೆಸೇಜು ಬರುತ್ತದೆ. ನಮ್ಮ ಮೆಸೇಜು ಅವನ ಫೋನಿಗೆ ಹೋಗುತ್ತಿತ್ತು. ಬುಕ್ ಮಾಡಿದ ಎರಡು ಮೂರು ದಿನದಲ್ಲಿ ಕಂಪನಿಯಿಂದ ಮೆಸೇಜು ಬರಲಿಲ್ಲ ಅನ್ನುವುದೇ ನಮಗೆ ಮೊದಲ ಸುಳಿವು ಆಗಬೇಕಿತ್ತು. ಯಾರೂ ಅದನ್ನು ಗಮನಿಸಲಿಲ್ಲ.

ಮ್ಯಾನೇಜರ್ ತಪ್ಪು ಒಪ್ಪಿಕೊಂಡರು. ಅದು ನಿಜವಾಗಲೂ ಒಳ್ಳೆಯ ಗುಣ. ಆ ಹುಡುಗನ ಮೇಲೆ ಅವರು ಜೋರು ಮಾಡಲು ಹೊರಟಾಗ ಭಾವನೇ ತಡೆದರು. "ಅವನನ್ನ ಬಯ್ದರೆ ನನ್ನ ಕಾರು ಬೇಗ ಬರಲ್ಲ. ನಂಬರ್ ಸರಿ ಮಾಡ್ಸಿ" ಅಂದರು. ಅಲ್ಲೇ ಮೊಬೈಲ್ ನಂಬರ್ ಬದಲಾಯಿಸಿದರು. ಮಾಡೆಲ್ಲು, ಆಟೊಮ್ಯಾಟಿಕ್, ಬಣ್ಣ, ಹೆಸರಿನ ಸ್ಪೆಲ್ಲಿಂಗು ಒಂದೊಂದೇ ಓದಿ ನೋಡಿದೆವು. ಆರ್ಡರ್ ನಂಬರ್ ಬರೆದುಕೊಂಡು ಬಂದು, ಕಂಪನಿಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ಅವರ ಬಾಯಿಂದಲೂ ಕೇಳಿಸಿಕೊಂಡೆ. ಎರಡೂ ಕಡೆ ಒಂದೇ ತಾರೀಖು ಹೇಳಿದರು.

ನೋಟ್‌ಬುಕ್ ಶುರು ಮಾಡಿದ್ದು ಅವತ್ತು. ಅದರ ಮೊದಲ ಪುಟದಲ್ಲಿ ನಾನು ಬರೆದದ್ದು ಇಷ್ಟೇ: "ಗಾಡಿ ಎಲ್ಲಿದೆ ಅಂತ ಕೇಳಬಾರದು. ನಂಬರ್ ಕೇಳಬೇಕು." ಗಾಡಿ ಎಲ್ಲಿದೆ ಅಂದರೆ ಯಾರು ಏನು ಬೇಕಾದರೂ ಹೇಳಬಹುದು. ದಾರಿಯಲ್ಲಿದೆ, ಬರ್ತಾ ಇದೆ, ನಾಳೆ ಗೊತ್ತಾಗುತ್ತೆ. ಆದರೆ ಒಂದು ಹಂತ ಮುಗಿದರೆ ಅದಕ್ಕೆ ಒಂದು ನಂಬರ್ ಹುಟ್ಟುತ್ತದೆ. ಆರ್ಡರ್ ಆದರೆ ಆರ್ಡರ್ ನಂಬರ್. ಕಾರು ಅಲಾಟ್ ಆದರೆ ಚಾಸಿ ನಂಬರ್, ಇಂಜಿನ್ ನಂಬರ್. ಕಂಪನಿ ಶೋರೂಮಿಗೆ ಮಾರಿದರೆ ಇನ್‌ವಾಯ್ಸ್ ನಂಬರ್. ಲೋಡ್ ಆದರೆ ಸರಕು ಸಾಗಣೆಯ ಇ-ವೇ ಬಿಲ್ ನಂಬರ್, ಟ್ರೈಲರ್ ನಂಬರ್. ನಂಬರ್ ಇಲ್ಲ ಅಂದರೆ ಆ ಹಂತ ಮುಗಿದಿಲ್ಲ. ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದೂ ಇದನ್ನೇ. ಮನೆಯ ಕಾರಿಗೆ ಮಾತ್ರ ಅದು ಹೊಳೆಯಲು ನಾಲ್ಕು ವಾರ ಬೇಕಾಯಿತು.

ಸೆಪ್ಟೆಂಬರ್ 22

ಈ ನಡುವೆ ಇನ್ನೊಂದು ಬೆಳವಣಿಗೆ ಆಯಿತು. ಆಗಸ್ಟ್ 15ಕ್ಕೆ ಕೆಂಪು ಕೋಟೆಯ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಬದಲಾವಣೆ ಆಗುತ್ತದೆ ಅಂದಿದ್ದರು. ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಕೌನ್ಸಿಲ್ ತೀರ್ಮಾನ ಬಂತು. ಉದ್ದ 4 ಮೀಟರ್ ಮೀರದ, ಇಂಜಿನ್ 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಅಲ್ಲಿಯವರೆಗೆ 28 ಪರ್ಸೆಂಟ್ ಜಿಎಸ್‌ಟಿ, ಮೇಲೆ 1 ಪರ್ಸೆಂಟ್ ಸೆಸ್ (ಹೆಚ್ಚುವರಿ ತೆರಿಗೆ), ಒಟ್ಟು 29 ಇತ್ತು. ಸೆಪ್ಟೆಂಬರ್ 22ರಿಂದ ಬರೀ 18.

ಭಾವನವರ ಕಾರು ಈ ಗುಂಪಿಗೇ ಸೇರಿದ್ದು. ಎಕ್ಸ್ ಶೋರೂಮ್ ಬೆಲೆ, ಅಂದರೆ ಜಿಎಸ್‌ಟಿ ಸೇರಿದ, ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಬೆಲೆ, 8,50,000 ಇತ್ತು. ಲೆಕ್ಕ ಸುಲಭ. ಮೊದಲು 100 ರೂಪಾಯಿಯ ಮಾಲಿಗೆ 129 ಕೊಡುತ್ತಿದ್ದೆವು, ಈಗ 118. ಹಾಗೆ ಹಾಕಿದರೆ 7,77,500 ರೂಪಾಯಿ ಆಸುಪಾಸು. 72,000 ಮೀರಿ ಉಳಿತಾಯ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ರಸ್ತೆ ತೆರಿಗೆ ಬೆಲೆಯ ಮೇಲೆ 14 ಪರ್ಸೆಂಟ್, ಅದರ ಮೇಲೆ ಸೆಸ್. ಬೆಲೆ ಇಳಿದರೆ ಅದೂ ಇಳಿಯುತ್ತದೆ. ಅಲ್ಲಿ ಇನ್ನೊಂದು 10,000. ಒಟ್ಟು 82,000ಕ್ಕೆ ಕಮ್ಮಿ ಇಲ್ಲ.

ಇಲ್ಲಿ ಬುಕಿಂಗ್ ತಾರೀಖು ಲೆಕ್ಕಕ್ಕೆ ಬರುವುದಿಲ್ಲ. ತೆರಿಗೆ ಯಾವುದು ಅಂತ ಹೇಳುವುದು ಇನ್‌ವಾಯ್ಸ್ ತಾರೀಖು. ಬುಕಿಂಗ್ ಫಾರಂನ ಹಿಂದುಗಡೆ ಸಣ್ಣ ಅಕ್ಷರದಲ್ಲಿ "ಡೆಲಿವರಿ ಸಮಯದ ಬೆಲೆಯೇ ಅನ್ವಯ" ಅಂತ ಬರೆದಿರುತ್ತದೆ. ಬೆಲೆ ಏರಿದಾಗ ಈ ಸಾಲು ನಮಗೆ ಹೊಡೆತ. ಈ ಸಲ ಅದೇ ಸಾಲು ನಮ್ಮ ಕಡೆ ನಿಂತಿತು.

ಸೆಪ್ಟೆಂಬರ್ ಎರಡನೇ ವಾರ ಶೋರೂಮಿನಿಂದ ಮತ್ತೆ ಫೋನ್. ಅದೇ ಬಿಳಿ ಕಾರು. ಈಗ 40,000 ರಿಯಾಯಿತಿ, ಆದರೆ 22ಕ್ಕೆ ಮುಂಚೆ ಬಿಲ್ ಮಾಡಿಸಬೇಕು. 82,000 ಉಳಿಯುವ ಕಡೆ 40,000 ಯಾರು ತಗೊಳ್ಳುತ್ತಾರೆ? ಆದರೂ ಅವರ ಕಷ್ಟವನ್ನೂ ಹೇಳಬೇಕು. ಹಳೇ ಸ್ಟಾಕಿಗೆ ಅವರು ಕಂಪನಿಗೆ ಕಟ್ಟಿದ್ದ ಜಿಎಸ್‌ಟಿ ಮುಂದಿನ ಬಿಲ್ಲುಗಳಲ್ಲಿ ಮುರಿದುಕೊಳ್ಳಬಹುದು. ಆದರೆ ಸೆಸ್ ಅನ್ನು ಸೆಸ್ಸಿಗೆ ಮಾತ್ರ ಮುರಿದುಕೊಳ್ಳಬೇಕು. 22ರಿಂದ ಕಾರಿಗೆ ಸೆಸ್ಸೇ ಇಲ್ಲ ಅಂದಮೇಲೆ ಕಟ್ಟಿದ ದುಡ್ಡು ಅಲ್ಲೇ ಸಿಕ್ಕಿಹಾಕಿಕೊಂಡಿತು. ದೊಡ್ಡ ಗಾಡಿಗಳ ಸೆಸ್ ಇನ್ನೂ ಜಾಸ್ತಿ ಇತ್ತು. ಹಾಗಾಗಿ ಅವರು ಅವಸರ ಪಟ್ಟದ್ದರಲ್ಲಿ ಆಶ್ಚರ್ಯ ಇಲ್ಲ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಆ 17 ದಿನದ ತಪ್ಪು ಆಗದೇ ಇದ್ದಿದ್ದರೆ ಕಾರು ಸೆಪ್ಟೆಂಬರ್ 22ಕ್ಕೆ ಮುಂಚೆಯೇ ಬಂದು, ನಾವು ಹಳೇ ತೆರಿಗೆ ಕೊಡುವ ಸಂದರ್ಭವೂ ಬರಬಹುದಿತ್ತು. ಅಕ್ಕ ಇದನ್ನು ದೇವರ ದಯೆ ಅನ್ನುತ್ತಾರೆ. ನಾನು ಬೇಡ ಅನ್ನುವುದಿಲ್ಲ. ಆದರೆ ಅದರಿಂದ ತಪ್ಪು ಸರಿಯಾಗುವುದಿಲ್ಲ. ಆ 17 ದಿನವೂ ಭಾವ ಹಳೇ ಕಾರಿನ ಕ್ಲಚ್ ತುಳಿದಿದ್ದಾರೆ.

ಸೆಪ್ಟೆಂಬರ್ 24, ಬುಧವಾರ, ಬೆಳಿಗ್ಗೆ ಹತ್ತೂವರೆಗೆ ಭಾವನ ಮೊಬೈಲಿಗೆ ಮೆಸೇಜು ಬಂತು. ಕಾರು ಅಲಾಟ್ ಆಗಿದೆ. ಮಧ್ಯಾಹ್ನಕ್ಕೆ ಮ್ಯಾನೇಜರ್ ಚಾಸಿ ನಂಬರ್ ಕಳಿಸಿದರು, ಈ ಸಲ ಕೇಳುವ ಮೊದಲೇ. ಹತ್ತನೇ ಅಕ್ಷರ 'ಎಸ್'. ತಿಂಗಳ ಗುರುತು ಸೆಪ್ಟೆಂಬರ್. ಬಣ್ಣ ಬೂದು. ಅಕ್ಕ ಆ 17 ಅಕ್ಷರಗಳನ್ನು ಕ್ಯಾಲೆಂಡರಿನ ಹಾಳೆ ಮೇಲೆ ಬರೆದಿಟ್ಟರು.

ಅವತ್ತೇ ಸಂಜೆ ಸೇಲ್ಸ್ ಹುಡುಗ "ಲೋನ್ ದುಡ್ಡು ರಿಲೀಸ್ ಮಾಡಿಸಿ ಸಾರ್, ಗಾಡಿ ನಿಮಗೇ ಗ್ಯಾರಂಟಿ ಆಗುತ್ತೆ" ಅಂದ. ಬೇಡ ಅಂದೆ. ಬ್ಯಾಂಕಿನವರು ಲೋನ್ ಮಂಜೂರು ಮಾಡಿ ಇಡುವುದು ಬೇರೆ, ದುಡ್ಡು ಶೋರೂಮಿಗೆ ಕಳಿಸುವುದು ಬೇರೆ. ದುಡ್ಡು ಹೋದ ದಿನದಿಂದ ಬಡ್ಡಿ ಶುರು. 5 ಲಕ್ಷದ ಸಾಲಕ್ಕೆ 9 ಪರ್ಸೆಂಟ್ ಅಂದರೆ ದಿನಕ್ಕೆ 123 ರೂಪಾಯಿ. ನಾವು ದುಡ್ಡು ಕೊಟ್ಟದ್ದು ಇನ್ನೂ 19 ದಿನ ಬಿಟ್ಟು. ಸುಮ್ನೆ 2,300 ರೂಪಾಯಿ ಹೋಗುತ್ತಿತ್ತು, ಅದೂ ಕಾರು ಗುಜರಾತಿನಲ್ಲಿ ಇರುವಾಗ.

ಹೈವೇ ಮೇಲೆ ಎಂಟು ದಿನ

ಕಾರು ತಯಾರಾದದ್ದು ಗುಜರಾತಿನಲ್ಲಿ. ಅಲ್ಲಿಂದ ಇಲ್ಲಿಗೆ ಸುಮಾರು 1,500 ಕಿಲೋಮೀಟರ್. ಕಾರುಗಳು ರೈಲಿನಲ್ಲೂ ಬೆಂಗಳೂರಿಗೆ ಬರುತ್ತವೆ. ನಮ್ಮದು ಬಂದದ್ದು ರಸ್ತೆಯಲ್ಲಿ. ಅಲಾಟ್ ಆದ ಮೇಲೂ ಒಂಬತ್ತು ದಿನ ಕಾರು ಫ್ಯಾಕ್ಟರಿ ಯಾರ್ಡಿನಲ್ಲೇ ನಿಂತಿತ್ತು. ತೆರಿಗೆ ಇಳಿದ ಮೇಲೆ ದೇಶದ ತುಂಬ ಒಂದೇ ಸಲ ಬೇಡಿಕೆ, ಮಧ್ಯೆ ನವರಾತ್ರಿ. ಟ್ರೈಲರ್ ಸಿಗುತ್ತಿಲ್ಲ ಅಂದರು. ನಂಬಿದೆ. ಯಾಕೆಂದರೆ ಕಂಪನಿಯ ಇನ್‌ವಾಯ್ಸ್ ನಂಬರ್ ಸೆಪ್ಟೆಂಬರ್ 29ಕ್ಕೇ ತೋರಿಸಿದ್ದರು. ಕಾರು ಶೋರೂಮಿನ ಹೆಸರಿಗೆ ಬಿದ್ದಾಗಿತ್ತು, ಹೊರಡುವುದು ಮಾತ್ರ ಬಾಕಿ.

ಅಕ್ಟೋಬರ್ 3ಕ್ಕೆ, ವಿಜಯದಶಮಿಯ ಮಾರನೇ ದಿನ, ಲೋಡ್ ಆಯಿತು. ನಾನು ಕೇಳಿದ್ದು ಇ-ವೇ ಬಿಲ್. 50,000 ರೂಪಾಯಿ ಮೀರಿದ ಸರಕು ಲಾರಿ ಹತ್ತಿದರೆ ಇ-ವೇ ಬಿಲ್ ಬೇಕೇ ಬೇಕು. ಅದರಲ್ಲಿ ಇನ್‌ವಾಯ್ಸ್ ನಂಬರ್ ಇರುತ್ತದೆ, ಗಾಡಿ ನಂಬರ್ ಇರುತ್ತದೆ, ಎಲ್ಲಿಗೆ ಹೋಗಬೇಕು ಅನ್ನುವುದೂ ಇರುತ್ತದೆ. ಮಾಮೂಲಿ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅದರ ಅವಧಿ. 1,500 ಕಿಲೋಮೀಟರಿಗೆ ಎಂಟು ದಿನ. ಅಷ್ಟರೊಳಗೆ ಬರಬೇಕು, ಇಲ್ಲದಿದ್ದರೆ ಅವಧಿ ಮುಂದುವರಿಸಬೇಕು. ಶೋರೂಮಿನವರು ಹೇಳುವ "ಒಂದು ವಾರ ಹತ್ತು ದಿನ"ಕ್ಕಿಂತ ಈ ಕಾಗದದ ತಾರೀಖು ಎಷ್ಟೋ ವಾಸಿ. ಮ್ಯಾನೇಜರ್ ತಮ್ಮ ಕಂಪ್ಯೂಟರಿನಲ್ಲೇ ತೋರಿಸಿದರು. ಅಕ್ಟೋಬರ್ 11ರವರೆಗೆ ಅವಧಿ ಇತ್ತು. ಇಳಿಸುವ ಜಾಗ ಬೆಂಗಳೂರಿನ ಹತ್ತಿರದ ಸ್ಟಾಕ್‌ಯಾರ್ಡ್.

ಇದನ್ನು ನೋಡಿ ಭಾವ ಒಂದು ಮಾತು ಕೇಳಿದರು. "ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ, ಶಿರಾ. ನಮ್ಮ ಮನೆ ಮುಂದೇನೇ ಹೋಗುತ್ತಲ್ಲಪ್ಪ?" ಹೌದು. ರಾಷ್ಟ್ರೀಯ ಹೆದ್ದಾರಿ 48 ತುಮಕೂರಿನ ಪಕ್ಕದಲ್ಲೇ ಹೋಗುತ್ತದೆ, ಕ್ಯಾತ್ಸಂದ್ರಕ್ಕಂತೂ ಅಂಟಿಕೊಂಡೇ ಇದೆ. ಆದರೆ ಟ್ರೈಲರಿನಲ್ಲಿ ನಮ್ಮ ಒಂದು ಕಾರು ಇರುವುದಿಲ್ಲ. ಬೇರೆ ಬೇರೆ ಊರಿನ ಶೋರೂಮುಗಳ ಕಾರು ಜೊತೆಗೆ ಇರುತ್ತವೆ. ಎಲ್ಲವೂ ಸ್ಟಾಕ್‌ಯಾರ್ಡಿನಲ್ಲಿ ಇಳಿದು, ಎಣಿಕೆ ಆಗಿ, ತಪಾಸಣೆ ಆಗಿ, ಆಮೇಲೆ ಅವರವರ ಊರಿಗೆ. ನಡುದಾರಿಯಲ್ಲಿ ಇಳಿಸುವ ಹಾಗಿಲ್ಲ.

ಅಕ್ಟೋಬರ್ 9ರ ಸಂಜೆ ಟ್ರಾನ್ಸ್‌ಪೋರ್ಟಿನವರಿಗೆ ಫೋನ್ ಮಾಡಿ ಕೇಳಿದಾಗ, ಟ್ರೈಲರ್ ಚಿತ್ರದುರ್ಗ ದಾಟಿದೆ ಅಂದರು. ಅವತ್ತು ರಾತ್ರಿ ಊಟ ಆದ ಮೇಲೆ ಭಾವ ಮಹಡಿ ಹತ್ತಿ ಹೈವೇ ಕಡೆ ನೋಡುತ್ತಾ ನಿಂತಿದ್ದರು ಅಂತ ಅಕ್ಕ ಹೇಳಿದರು. ಕಾರು ಸಾಗಿಸುವ ಟ್ರೈಲರುಗಳು ಸುತ್ತಲೂ ಮುಚ್ಚಿರುತ್ತವೆ. ಒಳಗೆ ಯಾವ ಬಣ್ಣ ಇದೆ ಅಂತ ಕಾಣುವುದಿಲ್ಲ. ಹನ್ನೊಂದು ಗಂಟೆಯ ಒಳಗೆ ಅಂಥವು ಮೂರು ಹೋದವಂತೆ. ಯಾವುದರಲ್ಲಿ ನಮ್ಮದಿತ್ತೋ ಗೊತ್ತಿಲ್ಲ. ಇನ್ನೊಂದು ವಾರದಲ್ಲಿ ಅವರೇ ಓಡಿಸಬೇಕಾದ ಕಾರು, ಮನೆಯ ಮುಂದೆ ಹಾದು ಬೆಂಗಳೂರಿಗೆ ಹೋಯಿತು.

10ಕ್ಕೆ ಸ್ಟಾಕ್‌ಯಾರ್ಡಿನಲ್ಲಿ ಇಳಿಯಿತು. 11ರ ಮಧ್ಯಾಹ್ನ ತುಮಕೂರಿಗೆ ಬಂತು. ಆ 70 ಕಿಲೋಮೀಟರ್ ಮಾತ್ರ ಶೋರೂಮಿನ ಡ್ರೈವರ್ ಓಡಿಸಿಕೊಂಡೇ ತಂದರು. ಮೀಟರಿನಲ್ಲಿ 81 ಇತ್ತು. ಕೇಳಿದ್ದಕ್ಕೆ ಮೊದಲೇ ಹೇಳಿದ್ದರು, ಹಾಗಾಗಿ ಗಾಬರಿ ಆಗಲಿಲ್ಲ. ಓಡಿಸಿಲ್ಲ ಅಂತ ಹೇಳಿ ಮೀಟರಿನಲ್ಲಿ 81 ಇದ್ದಿದ್ದರೆ ಆ ಕಾರನ್ನು ನಾನು ಒಪ್ಪುತ್ತಿರಲಿಲ್ಲ.

ಈಗ ದಿನಗಳನ್ನು ಜೋಡಿಸಿ ನೋಡಿ. ಆರ್ಡರ್ ದಾಖಲಾಗದೇ ಹೋದದ್ದು 17 ದಿನ. ಸರದಿಯಲ್ಲಿ ಕಾದು ಕಾರು ಅಲಾಟ್ ಆಗಲು 44. ಲೋಡ್ ಆಗಲು 9. ಗುಜರಾತಿನಿಂದ ತುಮಕೂರಿಗೆ 8. ಇಲ್ಲಿಗೆ ಬಂದ ಮೇಲೆ 7. ಅಷ್ಟು ದೂರದ ದಾರಿಗೆ ಹಿಡಿದದ್ದು ಎಂಟೇ ದಿನ. ಫ್ಯಾಕ್ಟರಿ ಹತ್ತಿರ ಇದ್ದರೆ ಕಾರು ಬೇಗ ಬರುತ್ತದೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಳ್ಳುತ್ತಾರೆ. ಬಿಡದಿಯಲ್ಲಿ ತಯಾರಾಗುವ ಕಾರಿರಲಿ, ಆಂಧ್ರದ ಪೆನುಕೊಂಡದಲ್ಲಿ ತಯಾರಾಗುವ ಕಾರಿರಲಿ, ಹತ್ತಿರ ಇದ್ದರೆ ಉಳಿಯುವುದು ರಸ್ತೆಯ ದಿನ ಮಾತ್ರ. ಸರದಿ ಎಲ್ಲರಿಗೂ ಸರದಿಯೇ.

ದುಡ್ಡು ಕೊಡುವ ಮೊದಲು

12ರ ಭಾನುವಾರ ಬೆಳಿಗ್ಗೆ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಕಾರು ನೋಡಲು ಹೋದೆವು. ಪೂರ್ತಿ ದುಡ್ಡು ಕೊಡುವ ಮೊದಲೇ ನೋಡಬೇಕು, ಇನ್‌ವಾಯ್ಸ್ ಆಗುವ ಮೊದಲೇ ನೋಡಬೇಕು. ನೋಂದಣಿ ಆದ ಮೇಲೆ ಏನು ಕಂಡರೂ ರಿಪೇರಿಯ ಮಾತೇ ಹೊರತು ಬದಲಿ ಕಾರಿನ ಮಾತು ಕಷ್ಟ.

ಅಕ್ಕ ಕ್ಯಾಲೆಂಡರ್ ಹಾಳೆ ತಂದಿದ್ದರು. ನಾನು ಕಾರಿನ ಮೇಲೆ ಕೊರೆದಿದ್ದ ಚಾಸಿ ನಂಬರನ್ನು ಒಂದೊಂದೇ ಅಕ್ಷರ ಓದಿದೆ, ಅವರು ಹಾಳೆಯಲ್ಲಿ ಟಿಕ್ ಹಾಕಿದರು. ಹದಿನೇಳೂ ಸರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3225 ಅಂದರೆ 2025ರ 32ನೇ ವಾರ. ನಾಲ್ಕು ಟೈರೂ ಅಲ್ಲಿಂದ ಒಂದೆರಡು ವಾರದ ಒಳಗಿನವೇ. ಸ್ಟೆಪ್ನಿಯನ್ನೂ ನೋಡಿದೆವು. ಹಿಂದಿನ ಬಂಪರಿನ ಕೆಳಗೆ ಬೆರಳುದ್ದದ ಒಂದು ಗೀರು ಇತ್ತು. ಕಾಗದದ ಮೇಲೆ ಬರೆಸಿಕೊಂಡೆವು, ಸಂಜೆಗೆ ಪಾಲಿಶ್ ಮಾಡಿ ತೋರಿಸಿದರು. ಭಾವ ಡ್ರೈವರ್ ಸೀಟಿನಲ್ಲಿ ಕೂತು ಎಡಗಾಲನ್ನು ಆರಾಮಾಗಿ ಪಕ್ಕಕ್ಕೆ ಇಟ್ಟರು. ಕ್ಲಚ್ ಇಲ್ಲದ ಜಾಗವನ್ನು ಎರಡು ಸಲ ಬಗ್ಗಿ ನೋಡಿದರು.

13ಕ್ಕೆ ಬ್ಯಾಂಕಿನಿಂದ ದುಡ್ಡು ಹೋಯಿತು, ಇನ್‌ವಾಯ್ಸ್ ಆಯಿತು, 18 ಪರ್ಸೆಂಟ್ ಲೆಕ್ಕದಲ್ಲೇ. ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅಂತ ಏನೂ ಇಲ್ಲ. ಹೊರಗೆ ವಿಚಾರಿಸಿದ್ದೆ. ಆ ಕೊಟೇಶನ್ ತೋರಿಸಿದ ಮೇಲೆ ಶೋರೂಮಿನವರೂ ಅಷ್ಟಕ್ಕೇ ಇಳಿದರು. ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷದ್ದು ಕಡ್ಡಾಯ, ನಮ್ಮ ಕಾರಿನ ಸ್ವಂತ ಹಾನಿಯದ್ದು ಒಂದು ವರ್ಷಕ್ಕೆ ಸಾಕು.

ನೋಂದಣಿಗೆ ಮೂರು ಫಾರಂ ಮುಖ್ಯ. 20 ಅರ್ಜಿ, 21 ಮಾರಾಟದ ಸರ್ಟಿಫಿಕೇಟು, 22 ಕಂಪನಿ ಕೊಡುವ ಯೋಗ್ಯತಾ ಪತ್ರ. ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ಬರೆಯಲೇಬೇಕು. ಅಲ್ಲಿ ಸೆಪ್ಟೆಂಬರ್ 2025 ಅಂತ ಇದ್ದದ್ದನ್ನು ನೋಡಿದ ಮೇಲೇ ಭಾವ ಸಹಿ ಹಾಕಿದರು. ಶೋರೂಮಿನವರು ಒಂದು ಸಲ "ಬೇಕಿದ್ದರೆ ಇವತ್ತೇ ಗಾಡಿ ತಗೊಂಡು ಹೋಗಿ, ನಂಬರ್ ಆಮೇಲೆ ಬರುತ್ತೆ" ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಕೇಂದ್ರ ಮೋಟಾರು ವಾಹನ ನಿಯಮ 42ರ ಪ್ರಕಾರ ತಾತ್ಕಾಲಿಕವೋ ಶಾಶ್ವತವೋ ನೋಂದಣಿ ಇಲ್ಲದೆ ಡೀಲರು ಕಾರು ಕೊಡುವ ಹಾಗೇ ಇಲ್ಲ. ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಕೇಳುವುದೂ ಅದನ್ನೇ. ಎಂಬತ್ತು ದಿನ ಕಾದವರಿಗೆ ಇನ್ನು ಐದು ದಿನ ದೊಡ್ಡದಲ್ಲ ಅಂತ ಕಾದೆವು. 15ಕ್ಕೆ ಕೆಎ 06ರ ನಂಬರ್ ಬಂತು. 17ರ ಸಂಜೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟು ಹಾಕಿದರು. ಫಾಸ್ಟ್ಯಾಗ್ ಗಾಜಿಗೆ ಅಂಟಿಸಿದ್ದರು.

ಶನಿವಾರ 18ಕ್ಕೆ ಅಕ್ಕ ನಿಂಬೆಹಣ್ಣು, ಕುಂಕುಮ ತಂದು ಪೂಜೆ ಮಾಡಿದರು. ಭಾವ ಶೋರೂಮಿನಿಂದ ತಾವೇ ಓಡಿಸಿಕೊಂಡು, ಸಿದ್ಧಗಂಗಾ ಮಠಕ್ಕೆ ಹೋಗಿ, ಅಲ್ಲಿಂದ ಮನೆಗೆ ಬಂದರು. ಬಿ.ಎಚ್. ರಸ್ತೆಯಲ್ಲಿ ಆ ದಿನ ದೀಪಾವಳಿ ಸಂತೆಯ ಜನವೋ ಜನ. ಮುಕ್ಕಾಲು ಗಂಟೆ ಹಿಡಿಯಿತು. ರಾತ್ರಿ ಫೋನ್ ಮಾಡಿ ಕಾಲು ಹೇಗಿದೆ ಅಂತ ಕೇಳಿದೆ. "ಊದಿಲ್ಲ ಕಣಪ್ಪ" ಅಂದರು.

ನವೆಂಬರಿನಲ್ಲಿ ಆರ್‌ಸಿ ಕಾರ್ಡು ಅಂಚೆಯಲ್ಲಿ ಬಂತು. ನೋಟ್‌ಬುಕ್ ತಗೊಂಡು ಹೋಗಿ ಹೆಸರು, ಚಾಸಿ ನಂಬರ್, ಇಂಜಿನ್ ನಂಬರ್, ತಯಾರಾದ ತಿಂಗಳು, ಬ್ಯಾಂಕಿನ ಹೆಸರು ಎಲ್ಲ ಇನ್ನೊಮ್ಮೆ ತಾಳೆ ನೋಡಿದೆವು. ಆಮೇಲೆ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್ ಯಾವುದಿದೆ ಅಂತ ನೋಡಿದೆ. ಭಾವನದ್ದೇ ಇತ್ತು.